ಇಂದಿನ ಧಮ್ಮ ಚಿಂತನೆ: ಆಟದ ತನ್ಮಯತೆ ಮತ್ತು ಸಮ್ಯಕ್ ಸಮಾಧಿ

 

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್ ನಡೆಯಿತು. ನಮ್ಮ ಮಹಿಳಾ ತಂಡ ನೇಪಾಳವನ್ನು 78-40ರಿಂದ ಸೋಲಿಸಿತು. ಆ ತಂಡದ ಬಿ. ಚೈತ್ರಾ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹೆಣ್ಣುಮಗಳು. ಕೊನೆಯ ಸರದಿಯಲ್ಲಿ ಅವರಿದ್ದ ಬ್ಯಾಚ್ 5 ನಿಮಿಷ 14 ಸೆಕೆಂಡ್ ಎದುರಾಳಿಗಳ ಕೈಗೆ ಸಿಗದೆ ಉಳಿಯಿತು.

ಅಷ್ಟು ಹೊತ್ತು ಉಳಿಯಲು ಕಾಲಿನ ಬಲವೊಂದೇ ಸಾಲದು. ಅಟ್ಟಿಸಿ ಬರುವವಳು ಯಾವ ಕಡೆ ತಿರುಗಿದಳು, ಯಾರಿಗೆ ಖೋ ಕೊಟ್ಟಳು, ಮನಸ್ಸಿನಲ್ಲಿ ಇಷ್ಟೇ ಇರಬೇಕು. ಮನಃಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಇಂಥ ತನ್ಮಯತೆಗೆ 'ಫ್ಲೋ' ಎಂದು ಹೆಸರಿಟ್ಟರು. ಗುರಿ ಸ್ಪಷ್ಟವಿರಬೇಕು, ಮಾಡಿದ್ದರ ಫಲ ಆ ಕ್ಷಣವೇ ತಿಳಿಯಬೇಕು, ಸವಾಲಿಗೆ ಕೌಶಲ ಸರಿತೂಗಬೇಕು. ಆಗ 'ಜನ ನನ್ನನ್ನು ಹೇಗೆ ನೋಡುತ್ತಿದ್ದಾರೋ' ಎಂಬ ಅಳುಕು ಕಳಚಿಹೋಗುತ್ತದೆ.

ನಾನು ನಂಜನಗೂಡು ಕಡೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಸಂಜೆ ಮಕ್ಕಳ ಖೋ ಖೋ ನೋಡುತ್ತಾ ನಿಲ್ಲುತ್ತೇನೆ. ನಮ್ಮ ಜನರ ಹುಡುಗಿಯೊಬ್ಬಳು ಕಂಬ ಸುತ್ತಿ ತಪ್ಪಿಸಿಕೊಳ್ಳುವಾಗ ಅವಳ ಮುಖದಲ್ಲಿ ಯಾವ ಅಳುಕೂ ಇರುವುದಿಲ್ಲ. ಒಂದು ದಿನ ಆಟ ಮುಗಿದ ಮೇಲೆ, ನೋಡಲು ಬಂದಿದ್ದ ಹಿರಿಯರೊಬ್ಬರು "ಚೆನ್ನಾಗಾಡ್ತೀಯ ಕಣವ್ವ, ಯಾವ ಬೀದಿಯೋಳು ನೀನು?" ಅಂದರು. ಅವಳ ತಲೆ ತಗ್ಗಿತು. ಆ ವಯಸ್ಸಿನಲ್ಲಿ ನಾನೂ ಹಾಗೇ ತಲೆ ತಗ್ಗಿಸಿದ್ದವನು. ಈಗ ನಲವತ್ತು ದಾಟಿದ್ದರೂ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸಮಾಧಿ ಬೇರೆ, ಸಮ್ಯಕ್ ಸಮಾಧಿ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ಬರೀ ಏಕಾಗ್ರತೆಯಲ್ಲಿ ಲೋಭ, ದ್ವೇಷ, ಜಡತೆ, ಸಂಶಯ, ಅನಿಶ್ಚಯ ಎಂಬ ಐದು ಅಡ್ಡಿಗಳು ಸ್ವಲ್ಪ ಹೊತ್ತು ತಡೆದು ನಿಲ್ಲುತ್ತವೆ, ಅಷ್ಟೇ. ಮನಸ್ಸಿಗೆ ಬೇಕಾದದ್ದು ಶಾಶ್ವತ ತಿರುವು. ಏಕಾಗ್ರವಾದ ಮನಸ್ಸು ಕುಶಲ ಕರ್ಮವನ್ನು ಚಿಂತಿಸುತ್ತಾ ಪಳಗಿದರೆ ಮಾತ್ರ ಅದು ಸಮ್ಯಕ್ ಸಮಾಧಿ.

ಆಟದ ತನ್ಮಯತೆ ಒಳ್ಳೆಯದೇ. ಅಳುಕಿಲ್ಲದ ಬದುಕು ಹೇಗಿರುತ್ತದೆಂದು ಆ ಹುಡುಗಿಗೆ ಅದು ತೋರಿಸಿತು. ಆದರೆ ಸೀಟಿ ಊದಿದ ಮೇಲೂ ಅದು ಉಳಿಯಬೇಕಾದರೆ ಅಭ್ಯಾಸ ಬೇಕು, ಹಿರಿಯರಾದ ನಮ್ಮ ನಡೆ ಬೇಕು. ಮರುದಿನ ತರಗತಿಯಲ್ಲಿ ನನ್ನ ಬೀದಿ ಯಾವುದು, ನಾನು ಬೌದ್ಧನಾದದ್ದು ಏಕೆ ಎಂದು ನಾನೇ ಹೇಳಿದೆ. ಅವಳು ತಲೆ ಎತ್ತಿ ಕೇಳುತ್ತಿದ್ದಳು.

ಇಂದಿನ ಅಭ್ಯಾಸ: ಐದು ನಿಮಿಷ ಉಸಿರಿನ ಮೇಲೆ ಗಮನವಿಡೋಣ. ಆಮೇಲೆ ಅಳುಕಿನಿಂದ ಮುಂದೂಡಿದ ಒಂದು ಕುಶಲ ಕರ್ಮವನ್ನು ನೆನೆದು, ಸಂಜೆಯೊಳಗೆ ಅದನ್ನು ಮಾಡೋಣ.

ಭವತು ಸಬ್ಬ ಮಂಗಲಂ.