ಹೆಸರೂ ಒಂದು ಆಸ್ತಿ, ಅದನ್ನು ಕಾಯೋಣ



ನಮ್ಮ ಎಷ್ಟೋ ಸಂಘಗಳು ಇಂದು ಉಳಿತಾಯಕ್ಕಷ್ಟೇ ನಿಂತಿಲ್ಲ. ರೊಟ್ಟಿ, ಹಪ್ಪಳ, ಟೇಲರಿಂಗ್, ಕ್ಯಾಂಟೀನ್ ಎಂದು ಸಣ್ಣ ಉದ್ಯಮ ಕಟ್ಟಿ, ನಾಲ್ಕಾರು ಹೆಂಗಸರಿಗೆ ಕೆಲಸವನ್ನೂ ಕೊಟ್ಟಿವೆ. ಕೆಲಸಕ್ಕೆ ಬಂದವಳಿಂದ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಳ್ಳುತ್ತೇವೆ. ಆಮೇಲೆ ಆ ಕಾಗದ ಎಲ್ಲಿರುತ್ತದೆ? ಹಿಟ್ಟಿನ ಡಬ್ಬದ ಪಕ್ಕದಲ್ಲೋ, ಯಾರದೋ ಮೊಬೈಲಿನ ವಾಟ್ಸಾಪ್‌ನಲ್ಲೋ! ಈ ಸಲದ ಪಾಠ ಆ ಕಾಗದಗಳದ್ದೇ.

ಗುರುತಿನ ಕಳವು ಎಂದರೇನು?

ಮನೆಗೆ ಕಳ್ಳ ನುಗ್ಗಿದರೆ ಮುರಿದ ಬೀಗ ಕಾಣುತ್ತದೆ. ಗುರುತು ಕದ್ದರೆ ಏನೂ ಕಾಣದು. ನಮ್ಮ ಹೆಸರು, ನಂಬರು, ಬೆರಳಚ್ಚು ಬಳಸಿ ಬೇರೆಯವರು ಸಾಲ ಎತ್ತುತ್ತಾರೆ, ಸಿಮ್ ಕೊಳ್ಳುತ್ತಾರೆ, ಹಣ ತೆಗೆಯುತ್ತಾರೆ. "ನಿಮ್ಮ ಹೆಸರಲ್ಲಿ ಸಾಲ ಬಾಕಿ ಇದೆಯಲ್ಲಮ್ಮಾ" ಎಂದು ಬ್ಯಾಂಕಿನವರು ಹೇಳಿದಾಗಲೇ ಗೊತ್ತಾಗುವುದು. ಆ ಸಾಲ ತನ್ನದಲ್ಲವೆಂದು ತೋರಿಸಲು ಬಡವಳೊಬ್ಬಳು ಎಷ್ಟು ದಿನದ ಕೂಲಿ ಬಿಟ್ಟು ಅಲೆಯಬೇಕು, ಯೋಚಿಸಿ.

2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಕೆಲವರ ಖಾತೆಯಿಂದ ಒಟಿಪಿ ಬಾರದೆಯೇ ಹಣ ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ನಂಬರು, ಬೆರಳಚ್ಚುಗಳನ್ನು ವಂಚಕರು ಬಳಸಿಕೊಂಡಿದ್ದರು. ನಾವು ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ವ್ಯವಸ್ಥೆಯೇ ಅವರಿಗೆ ದಾರಿಯಾಯಿತು. ಪಿನ್ ಬದಲಾಯಿಸಬಹುದು, ಬೆರಳು ಬದಲಾಯಿಸಲಾದೀತೇ?

ಘಟಕದಲ್ಲಿ ಏನು ಮಾಡೋಣ?

1. ಬೇಕಾದಷ್ಟೇ ಕಾಗದ ಕೇಳೋಣ. ಸಾಧ್ಯವಿದ್ದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಾಕು. ಅದು ಆಧಾರ್ ಜಾಲತಾಣದಲ್ಲಿ ಸಿಗುತ್ತದೆ.

2. ಜೆರಾಕ್ಸ್ ಮೇಲೆ ಅಡ್ಡಲಾಗಿ "ಇಂಥ ಕೆಲಸಕ್ಕೆ ಮಾತ್ರ" ಎಂದು ಬರೆದು, ತಾರೀಖು ಹಾಕಿ, ಅವಳಿಂದಲೇ ಸಹಿ ಮಾಡಿಸೋಣ.

3. ಕಾಗದ ಬೀಗದೊಳಗಿರಲಿ. ಬೀಗದ ಕೈ ಯಾರ ಹತ್ತಿರವೆಂದು ನಡಾವಳಿ ಪುಸ್ತಕದಲ್ಲಿ ಬರೆಯೋಣ. ಬೇಡವಾದ ಪ್ರತಿಯಲ್ಲಿ ಹಪ್ಪಳ ಕಟ್ಟಿಕೊಡಬೇಡಿ, ಹರಿದು ಸುಡಿ.

4. ಸಂಘದ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿಡಬಾರದು. ಸೀಲು, ಚೆಕ್‌ಬುಕ್ ಒಂದೇ ಕೈಯಲ್ಲಿ ಬೇಡ.

5. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಅದಕ್ಕೆ ಶುಲ್ಕ ಕೇಳುವ ಜಾಲತಾಣ ಕಂಡರೆ ಆಧಾರ್ ನಂಬರು ಹಾಕಬೇಡಿ.

ಪ್ರತಿಯೊಬ್ಬಳೂ ಮಾಡಬೇಕಾದ್ದು

ಆಧಾರ್ ಆಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಆದರೆ ರೇಷನ್ ಅಂಗಡಿಗೆ ಹೆಬ್ಬೆಟ್ಟು ಕೊಡಲು ಹೋಗುವ ಮುಂಚೆ ಬೀಗ ತೆಗೆಯುವುದು ನೆನಪಿರಲಿ. ಹೆಬ್ಬೆಟ್ಟು ಒತ್ತಿ ಹಣ ತೆಗೆದರೆ ರಸೀದಿ ಕೇಳಿ. "ಆಗ್ಲಿಲ್ಲ, ಇನ್ನೊಮ್ಮೆ ಒತ್ತಿ" ಎಂದರೆ ಮೊದಲಿನದು ಆಗಿಲ್ಲವೆಂಬ ಚೀಟಿ ನೋಡಿ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು 'ಸಂಚಾರ್ ಸಾಥಿ' ಜಾಲತಾಣದಲ್ಲಿ ತಿಳಿಯಬಹುದು. ನಮ್ಮ ಹೆಸರಿನ ಸಾಲಗಳ ವರದಿಯನ್ನು ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. "ಕಮಿಷನ್ ಕೊಡ್ತೇವೆ, ನಿಮ್ಮ ಖಾತೆ ಸ್ವಲ್ಪ ದಿನ ಕೊಡಿ" ಎಂದವರಿಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಕೊಡಲೇಬೇಡಿ. ಅವರು ಮಾಡಿದ ಮೋಸಕ್ಕೆ ಪೊಲೀಸರು ಹುಡುಕಿ ಬರುವುದು ನಮ್ಮ ಮನೆಗೆ.

ಮೋಸ ಆಗಿಹೋದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ತಪ್ಪು ಕದ್ದವರದು, ಕಳೆದುಕೊಂಡವಳದಲ್ಲ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯಲು ಸಾಧ್ಯವಿದೆ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಧಾರ್ ವಿಚಾರಕ್ಕೆ 1947. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಗುರುತಿನ ಕಳವಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವೇನು? ನಮ್ಮನ್ನು ನಂಬಿ ಕಾಗದ ಕೊಟ್ಟವಳ ಹೆಸರನ್ನು ಕಾಯುವುದೂ ಅವಳಿಗೆ ನ್ಯಾಯವಾದ ಕೂಲಿ ಕೊಟ್ಟಷ್ಟೇ ದೊಡ್ಡ ಹೊಣೆ.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಘಟಕದಲ್ಲಿ ಯಾರ ಯಾರ ಕಾಗದಗಳಿವೆ? ಎಲ್ಲಿವೆ?

2. ಅವುಗಳಲ್ಲಿ ಯಾವುದು ಇನ್ನು ಬೇಡ?

3. ಫೋನ್ ಬಳಸಲು ಬಾರದ ಸದಸ್ಯೆಗೆ ಯಾರು ಜೊತೆಯಾಗುತ್ತೀರಿ?