ಕಾಂಗ್ರೆಸ್ ಗಿಡ: ಹೂವಾಗುವ ಮೊದಲೇ ಗುರುತಿಸಿ

ಮಳೆ ಬಿದ್ದು ಎಂಟು ದಿನ ಆಯಿತು. ಹಿತ್ತಲು ಹಸಿರಾಯಿತು. ಏನೇನು ಹುಟ್ಟಿದೆ? ಬಗ್ಗಿ ನೋಡೋಣ.

ಇಲ್ಲೊಂದು ಸಣ್ಣ ಸಸಿ ಇದೆ. ಎಲೆಗಳು ನೆಲಕ್ಕೆ ಅಂಟಿ ದುಂಡಗೆ ಹರಡಿವೆ. ಗಜ್ಜರಿ ಎಲೆಯ ಹಾಗೆ ಸೀಳು ಸೀಳಾಗಿವೆ.

"ಇದು ಸೇವಂತಿಗಿ ಸಸಿ ಅಲ್ಲೇನ್ರಿ? ನಾ ದಿನಾ ನೀರು ಹಾಕೀನಲ್ರಿ!" ಎಂದರು ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ. ಎಲ್ಲರೂ ನಕ್ಕರು. ಆದರೆ ಎಳೆಯದಿದ್ದಾಗ ಅದು ಹಾಗೇ ಕಾಣುತ್ತದೆ. ಅದು ಕಾಂಗ್ರೆಸ್ ಗಿಡ. ಪುಸ್ತಕದಲ್ಲಿ ಅದರ ಹೆಸರು ಪಾರ್ಥೇನಿಯಂ. ಹೂವು ಬಿಳಿ ಟೊಪ್ಪಿಗೆಯ ಹಾಗಿದೆ, ಅದಕ್ಕೇ ಈ ಹೆಸರು ಎಂದು ಜನ ಹೇಳುತ್ತಾರೆ. ಪಕ್ಷಕ್ಕೂ ಗಿಡಕ್ಕೂ ಸಂಬಂಧ ಇಲ್ಲ.

ಸೇವಂತಿಗೆ ಎಲೆ ದಪ್ಪ, ಅದರ ಸೀಳು ಕಡಿಮೆ. ಕಾಂಗ್ರೆಸ್ ಎಲೆ ತೆಳು, ಸೀಳು ಆಳ. ತಿಕ್ಕಿ, ಮೂಸಿ ನೋಡಬೇಡಿರಿ. ಕಣ್ಣಿನಿಂದ ನೋಡಿದರೆ ಸಾಕು.

ಆಮೇಲೆ ನಡುವಿನಿಂದ ಕಾಂಡ ಏಳುತ್ತದೆ. ಕಾಂಡದ ಮೇಲೆ ಉದ್ದುದ್ದ ಗೆರೆ, ಸಣ್ಣ ರೋಮ. ತುದಿಯಲ್ಲಿ ಕವಲು ಬಹಳ. ಎದೆಮಟ್ಟ ಬೆಳೆಯುವುದೂ ಉಂಟು. ಒಂದು, ಒಂದೂವರೆ ತಿಂಗಳಿಗೆ ಬಿಳಿ ಹೂ ಬರುತ್ತದೆ. ಹೂವು ಕೊತ್ತಂಬರಿ ಕಾಳಿನಷ್ಟು, ಅಂಚಿಗೆ ಐದು ಮೂಲೆ. ಆಗ ಯಾರಾದರೂ ಗುರುತಿಸುತ್ತಾರೆ. ಆದರೆ ಆಗ ತಡವಾಯಿತು. ಒಂದೇ ಗಿಡ 10,000ಕ್ಕಿಂತ ಹೆಚ್ಚು ಬೀಜ ಕೊಡಬಲ್ಲದು. ಬೀಜ ಗಾಳಿ, ನೀರು, ಟ್ರ್ಯಾಕ್ಟರ್ ಗಾಲಿಯ ಕೆಸರು, ತಿಪ್ಪೆಗೊಬ್ಬರದ ಜೊತೆ ಹೊಲ ಸೇರುತ್ತದೆ. ಸಿರುಗುಪ್ಪದ ಕಾಲುವೆ ದಂಡೆ, ಕುರುಗೋಡಿನ ರಸ್ತೆ ಬದಿ, ಬಳ್ಳಾರಿಯ ಖಾಲಿ ಸೈಟು, ತೇವ ಇದ್ದಲ್ಲಿ ಅದು ಹುಟ್ಟಿತು.

ಇದು ನಮ್ಮ ನೆಲದ ಗಿಡ ಅಲ್ಲ. ಅಮೆರಿಕ ಖಂಡದ್ದು. 1955ರಲ್ಲಿ ಪುಣೆಯಲ್ಲಿ ಕಂಡಿತು. ಹೊರಗಿನಿಂದ ತರಿಸಿದ ಗೋಧಿಯ ಜೊತೆ ಬೀಜ ಬಂತು ಎನ್ನುತ್ತಾರೆ. 1975ರಲ್ಲಿ ಕರ್ನಾಟಕ ಸರಕಾರ ಇದನ್ನು ಹಾನಿಕರ ಕಳೆ ಎಂದು ಘೋಷಿಸಿತು. ಇದನ್ನು ತಿನ್ನುವ ಒಂದು ಸಣ್ಣ ಹುಳುವನ್ನು 1983ರಲ್ಲಿ ಮೆಕ್ಸಿಕೋ ದೇಶದಿಂದ ಬೆಂಗಳೂರಿಗೆ ತಂದರು. ಮಾಸಲು ಬಿಳುಪಿನ ಬೆನ್ನು, ಮೇಲೆ ಕಂದು ಗೆರೆ. ಮಳೆಗಾಲದಲ್ಲಿ ಈ ಹುಳ ಎಲೆಯ ಮೇಲೆ ಕಂಡರೆ ಕೊಲ್ಲಬೇಡಿರಿ.

ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಇದರ ಕಾಟ ಹೆಚ್ಚು. ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ಕಡಿಯುತ್ತವೆ. ಚರ್ಮ ಕಪ್ಪಾಗಿ ಒರಟಾಗುತ್ತದೆ. ಕೆಲವರಿಗೆ ಸೀನು, ಉಬ್ಬಸ ಬರುತ್ತದೆ. ಈ ಕಡಿತ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಡಿತ ಬಂದವರನ್ನು ದೂರ ಕೂರಿಸುವುದು ತಪ್ಪು. ಅವರನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ದನ ಈ ಗಿಡ ತಿಂದರೆ ಹಾಲು ಕಹಿಯಾಗುತ್ತದೆ.

ಮಳೆ ಬಿದ್ದು ನೆಲ ಮೆತ್ತಗಿದ್ದಾಗ, ಹೂ ಬಿಡುವ ಮೊದಲು, ಬೇರು ಸಮೇತ ಕೀಳಬೇಕು. ಬರಿಗೈಲಿ ಕೀಳಬೇಡಿರಿ. ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಈಗಾಗಲೇ ಕಡಿತ ಇದ್ದವರು ಈ ಕೆಲಸಕ್ಕೆ ಬೇಡ. ಹೂ ಇಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದದ್ದನ್ನು ಹಾಕಬಾರದು. ಖಾಲಿ ಜಾಗದಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ, ಬಿಸಿಲಿನಲ್ಲಿ ಗಿಡ ನೆನೆಯುವಂತೆ ಸಿಂಪಡಿಸಬಹುದು. ಹೊಲದಲ್ಲಿ, ಹೂದೋಟದಲ್ಲಿ ಉಪ್ಪು ಬೇಡ್ರಿ, ಮಣ್ಣು ಕೆಡುತ್ತದೆ.

ಓದಿ ಬರೆಯಿರಿ: ಗಜ್ಜರಿ, ಸೇವಂತಿಗೆ, ಹಿತ್ತಲು, ಉಬ್ಬಸ.

ನಿಮ್ಮ ಓಣಿಯಲ್ಲಿ ಈ ಗಿಡ ಎಲ್ಲೆಲ್ಲಿ ಇದೆ? ಮೂರು ಜಾಗದ ಹೆಸರು ಬರೆಯಿರಿ.