ಗ್ರೈಂಡರ್ ಕೆಟ್ಟಾಗ ರಿಪೇರಿಯವರಿಗೆ ಏನು ಹೇಳಬೇಕು?

ಹಳೇಬೀಡಿನ ಕಡೆಯಿಂದ ಭಾರದ ಗ್ರೈಂಡರನ್ನು ಬಸ್ಸಿನಲ್ಲಿ ಬೇಲೂರಿಗೋ ಅರಸೀಕೆರೆಗೋ ಒಯ್ದು, "ಕೆಟ್ಟಿದೆ, ನೋಡಿ" ಎಂದಷ್ಟೇ ಹೇಳಿ ಬರುವ ರೈತರುಂಟು. ಅಂಗಡಿಯಲ್ಲಿ ಅದು ಸರಿಯಾಗಿ ತಿರುಗಿತೆಂದರೆ ಹೋದ ದಾರಿ ದಂಡ. ಆದುದರಿಂದ ಹೊರಡುವ ಮೊದಲು ಮನೆಯಲ್ಲಿ ದಿನಾ ರುಬ್ಬುವವರನ್ನು ವಿಚಾರಿಸಿ. ಯಂತ್ರದ ಗುಣ ಬಲ್ಲವರು ಅವರೇ.

ಸ್ವಿಚ್ ಹಾಕಿದಾಗ ಸದ್ದೇ ಇಲ್ಲವೇ? ಅದೇ ಪ್ಲಗ್ಗಿಗೆ ಬೇರೆ ದೀಪ ಹಾಕಿ ನೋಡಬೇಕು. ಮೋಟಾರು ತಿರುಗಿ ಕಲ್ಲು ಮಾತ್ರ ನಿಂತಿದ್ದರೆ ಬೆಲ್ಟು ಸಡಿಲವಾಗಿರಬಹುದು ಅಥವಾ ಹರಿದಿರಬಹುದು. ಗುಂಯ್ ಎನ್ನುತ್ತ ಮೋಟಾರೇ ತಿರುಗದಿದ್ದರೆ ಕೂಡಲೇ ಆರಿಸಬೇಕು. ತಡಮಾಡಿದರೆ ಒಳಗಿನ ಸುರುಳಿ ಸುಟ್ಟು, ಕೆಪಾಸಿಟರ್ ಬದಲಾಯಿಸಿದರೆ ಮುಗಿಯುತ್ತಿದ್ದ ಕೆಲಸ ಮೋಟಾರು ಕಟ್ಟಿಸುವವರೆಗೆ ಹೋಗುತ್ತದೆ.

ಯಾವ ಹೊತ್ತಿನಲ್ಲಿ ಹೀಗಾಗುತ್ತದೆ ಎಂಬುದನ್ನೂ ತಪ್ಪದೆ ಹೇಳಬೇಕು. ಮನೆಗೆ ಬರಬೇಕಾದುದು 230 ವೋಲ್ಟ್. ಸಂಜೆ ದೀಪಗಳು ಮಂಕಾದಾಗ ಮಾತ್ರ ಗುಂಯ್ ಎಂದು, ಬೆಳಗಿನ ಜಾವ ಸಲೀಸಾಗಿ ತಿರುಗುವ ಗ್ರೈಂಡರಿನಲ್ಲಿ ಬಹುಮಟ್ಟಿಗೆ ದೋಷವಿರುವುದಿಲ್ಲ. ವೋಲ್ಟೇಜ್ ಇಳಿದಿರುತ್ತದೆ. ಅದನ್ನು ಅಂಗಡಿಯವರು ಸರಿಪಡಿಸಲಾರರು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಗೆ ದೂರು ಕೊಡಬೇಕು.

ಇನ್ನು ಮಿಕ್ಸಿ. ಒಣಕೊಬ್ಬರಿ ಪುಡಿಮಾಡುವಾಗ ಥಟ್ಟನೆ ನಿಂತರೆ ಪ್ಲಗ್ ತೆಗೆದು, ಆರಲು ಬಿಟ್ಟು, ತಳದಲ್ಲಿ ಕೆಂಪು ಗುಂಡಿಯಿದ್ದರೆ ಒತ್ತಿ ನೋಡಿ. ಭಾರ ಹೆಚ್ಚಾದಾಗ ವಿದ್ಯುತ್ ಕಡಿಯುವ ಗುಂಡಿ ಅದು.

ಮೈ ಮುಟ್ಟಿದರೆ ಜುಂ ಎನ್ನುವ ಯಂತ್ರವಾದರೆ ಆ ಮಾತನ್ನೇ ಮೊದಲು ಹೇಳಿ. ಪರೀಕ್ಷೆಗೆಂದು ಮನೆಯಲ್ಲಿ ಮತ್ತೊಮ್ಮೆ ಹಾಕಲೇಬಾರದು.